ಮೂರು ನಿಮಿಷದ ವಿಡಿಯೋ ಮಾಡಿ ಮುಗಿಸುವುದು ಹೇಗೆ: ಖುಷಿಗಾಗಿ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ವಿಡಿಯೋ ಮಾಡಬೇಕು ಅಂತ ಆಸೆ ಇಲ್ಲದವರು ನಮ್ಮ ನೆಂಟರಲ್ಲಿ, ಗೆಳೆಯರಲ್ಲಿ ಕಡಿಮೆ. ಮಾಡಿ ಮುಗಿಸಿದವರು ಇನ್ನೂ ಕಡಿಮೆ. ಫೋನ್ ತೆಗೆದರೆ ಗ್ಯಾಲರಿ ತುಂಬಾ ಕ್ಲಿಪ್‌ಗಳು. ಊರ ಜಾತ್ರೆಯ ತೇರು, ಮಗಳು ಮೊದಲ ಸಲ ಸೈಕಲ್ ಹೊಡೆದದ್ದು, ಮಳೆಗಾಲದಲ್ಲಿ ಜೋಗಕ್ಕೆ ಹೋದದ್ದು, ಎಲ್ಲಾ ಇವೆ. ವಿಡಿಯೋ ಮಾತ್ರ ಇಲ್ಲ.

ಎಲ್ಲಿ ನಿಂತಿತು ಅಂತ ಕೇಳಿದರೆ ಮೂರು ಉತ್ತರ ಬರುತ್ತವೆ. ಒಳ್ಳೆ ಕ್ಯಾಮೆರಾ ತಗೊಂಡ ಮೇಲೆ ಮಾಡೋಣ ಅಂತ ಕಾಯುತ್ತಿರುವವರು ಒಬ್ಬರು. ಚಾನೆಲ್‌ಗೆ ಹೆಸರು, ಲೋಗೋ, ಥಂಬ್‌ನೇಲ್ ಅಂತ ಶುರು ಮಾಡಿ ಅಲ್ಲೇ ಸುಸ್ತಾದವರು ಇನ್ನೊಬ್ಬರು. ಮೂರನೆಯವರು ರಾಶಿ ರಾಶಿ ಶೂಟ್ ಮಾಡಿದ್ದಾರೆ, ಎಡಿಟ್ ಮಾಡಲು ಕೂತಾಗ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದೆ ಬಿಟ್ಟಿದ್ದಾರೆ. ಮೂವರದೂ ತಪ್ಪು ಒಂದೇ. ಕೆಲಸದ ಕ್ರಮ ತಲೆಕೆಳಗಾಗಿದೆ.

ಇಲ್ಲಿ ಹೇಳುವುದು ಆ ಕ್ರಮದ ಬಗ್ಗೆ. ಉದಾಹರಣೆಗೆ ಒಂದೇ ವಿಡಿಯೋ ತಗೊಳ್ಳುತ್ತೇನೆ: ನಮ್ಮ ದೊಡ್ಡಮ್ಮ ಬೇಸಿಗೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡುವುದು. ಇದನ್ನು ಎರಡು ಬೇಸಿಗೆ ಶೂಟ್ ಮಾಡಿದೆ. ಮೊದಲ ವರ್ಷದ್ದು ಮುಗಿಯಲೇ ಇಲ್ಲ, ಎರಡನೇ ವರ್ಷದ್ದು ಮುಗಿಯಿತು. ಕ್ಯಾಮೆರಾ ಎರಡು ವರ್ಷವೂ ಅದೇ ಫೋನ್. ನಿಮ್ಮ ವಿಷಯ ಬೈಕ್ ರಿಪೇರಿ ಇರಬಹುದು, ಕೆರೆ ಏರಿಯ ಮೇಲಿನ ಬೆಳಗಿನ ವಾಕಿಂಗ್ ಇರಬಹುದು. ಕ್ರಮ ಬದಲಾಗಲ್ಲ.

## ಬೇಕಾದ ಸಾಮಾನು

ನಿಮ್ಮ ಹತ್ತಿರ ಈಗ ಇರುವ ಫೋನ್. ಅದನ್ನು ಅಲುಗಾಡದಂತೆ ನಿಲ್ಲಿಸಲು ಏನಾದರೊಂದು: ಸಣ್ಣ ಟ್ರೈಪಾಡ್ ಇದ್ದರೆ ಸರಿ, ಇಲ್ಲದಿದ್ದರೆ ಅಕ್ಕಿ ತುಂಬಿದ ಬಟ್ಟೆ ಚೀಲದ ಮೇಲೆ ಫೋನ್ ಒತ್ತಿ ಕೂರಿಸಿದರೆ ಚೆನ್ನಾಗಿ ನಿಲ್ಲುತ್ತದೆ. ಧ್ವನಿಗೆ ಮನೆಯಲ್ಲಿರುವ ಇನ್ನೊಂದು ಫೋನ್, ಅಥವಾ ತಂತಿ ಇರುವ ಕಾಲರ್ ಮೈಕ್. ಒಂದು ಪೆನ್ನು, ಒಂದು ಹಾಳೆ. ಒಂದು ಪವರ್ ಬ್ಯಾಂಕ್.

ಮೊದಲ ಮೂರು ವಿಡಿಯೋ ಮುಗಿಯುವವರೆಗೆ ಬೇರೆ ಏನನ್ನೂ ಕೊಳ್ಳಬೇಡಿ. ಮೂರು ಮುಗಿಸಿದ ಮೇಲೆ ನಿಮಗೆ ಯಾವುದು ಕಷ್ಟವಾಯಿತು ಅಂತ ನಿಮಗೇ ಗೊತ್ತಿರುತ್ತದೆ, ಆಗ ಕೊಂಡದ್ದು ಕಪಾಟಿನಲ್ಲಿ ಧೂಳು ಹಿಡಿಯಲ್ಲ. ಕೊಳ್ಳುವುದಾದರೆ ಮೊದಲು ಮೈಕ್, ಆಮೇಲೆ ಟ್ರೈಪಾಡ್. ಡ್ರೋನ್ ಯೋಚನೆಯೇ ಈಗ ಬೇಡ. 250 ಗ್ರಾಂಗಿಂತ ಕಡಿಮೆ ತೂಕದ್ದಾದರೂ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಹಾರಿಸುವ ಮುಂಚೆ ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ಅಂತ ನೋಡಬೇಕಾಗುತ್ತದೆ.

## ಹಂತ 1: ನೋಡುವವರ ಹೆಸರು ಬರೆಯಿರಿ

ಹಾಳೆ ತಗೊಂಡು ಈ ವಿಡಿಯೋ ನೋಡುವ ಐದು ಜನರ ಹೆಸರು ಬರೆಯಿರಿ. ನಿಜವಾದ ಹೆಸರು. "ಪ್ರೇಕ್ಷಕರು", "ಎಲ್ಲರೂ" ಅಂತ ಬರೆಯಬೇಡಿ. ನನ್ನ ಹಾಳೆಯಲ್ಲಿ ಇದ್ದವರು ಊರು ಬಿಟ್ಟು ದೂರ ಹೋದ ಇಬ್ಬರು ಅಕ್ಕಂದಿರು, ಒಬ್ಬ ಅಣ್ಣ, ಅಮ್ಮ, ಮತ್ತೆ ದೊಡ್ಡಮ್ಮ.

ಈ ಹಂತವನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ, ಆಮೇಲೆ ಸಿಕ್ಕಿಹಾಕಿಕೊಳ್ಳುವವರೂ ಅವರೇ. ಹೆಸರು ಬರೆದ ತಕ್ಷಣ ಅರ್ಧ ಪ್ರಶ್ನೆಗಳು ತಾವಾಗೇ ಬಗೆಹರಿಯುತ್ತವೆ. ದೊಡ್ಡಮ್ಮ ಯಾರು ಅಂತ ಅಕ್ಕಂದಿರಿಗೆ ಹೇಳಬೇಕಾ? ಬೇಡ. ಹಪ್ಪಳದ ಅಳತೆ ಹೇಳಬೇಕಾ? ಬೇಕು, ಒಬ್ಬ ಅಕ್ಕ ಮನೆಯಲ್ಲಿ ಮಾಡಿ ಎರಡು ಸಲ ಕೆಡಿಸಿದ್ದಾಳೆ. "ಹಾಯ್ ಫ್ರೆಂಡ್ಸ್, ನಮ್ಮ ಚಾನೆಲ್‌ಗೆ ಸ್ವಾಗತ" ಬೇಕಾ? ಅಕ್ಕನಿಗೆ ಯಾರು ಹಾಗೆ ಹೇಳುತ್ತಾರೆ!

ಇದರಿಂದ ದುಡ್ಡು ಬರಬಹುದಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಲೆಕ್ಕ ನೋಡಿ. ಯೂಟ್ಯೂಬ್‌ನಲ್ಲಿ ಉದ್ದ ವಿಡಿಯೋಗಳ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಅಂದರೆ 2,40,000 ನಿಮಿಷ. ಮೂರು ನಿಮಿಷದ ವಿಡಿಯೋವನ್ನು ಪೂರ್ತಿಯಾಗಿ 80,000 ಸಲ ನೋಡಬೇಕು. ಅದು ಬೇರೆಯೇ ಕೆಲಸ, ಅದರ ಶಿಸ್ತೂ ಬೇರೆ. ಎರಡನ್ನೂ ಒಂದೇ ವಿಡಿಯೋದಲ್ಲಿ ಮಾಡಲು ಹೋದರೆ ಐದು ಜನಕ್ಕೂ ಇಷ್ಟವಾಗಲ್ಲ, ಐದು ಸಾವಿರ ಜನಕ್ಕೂ ಇಷ್ಟವಾಗಲ್ಲ.

## ಹಂತ 2: ಒಂದು ವಾಕ್ಯ, ಒಂದು ಪಟ್ಟಿ

ಹೆಸರುಗಳ ಕೆಳಗೆ ಒಂದೇ ಒಂದು ವಾಕ್ಯ ಬರೆಯಿರಿ. "ದೊಡ್ಡಮ್ಮ ಒಂದು ಹಲಸಿನಕಾಯಿಯನ್ನು ಸಂಜೆಯೊಳಗೆ ಒಂದು ಚಾಪೆ ಹಪ್ಪಳ ಮಾಡುತ್ತಾರೆ." ಇದರಲ್ಲಿ ಶುರು ಇದೆ, ಕೊನೆ ಇದೆ, ನಡುವೆ ಕೆಲಸ ಇದೆ. "ನಮ್ಮ ಊರಿನ ಸೊಬಗು" ಅಂತ ಬರೆದರೆ ಏನನ್ನು ಬಿಡಬೇಕು ಅಂತ ಗೊತ್ತಾಗಲ್ಲ. ಎಲ್ಲಾ ಶೂಟ್ ಮಾಡುತ್ತೀರಿ, ಯಾವುದೂ ಕೂಡಿ ಬರಲ್ಲ.

ಆಮೇಲೆ ಕೆಲಸಗಳನ್ನು ಬಿಡಿಸಿ ಬರೆಯಿರಿ. ಹಪ್ಪಳಕ್ಕೆ ಏಳು ಬಂದವು: ಬಲಿತ ಕಾಯಿ ಕೊಯ್ಯುವುದು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು, ಉಪ್ಪು ಖಾರ ಜೀರಿಗೆ ಹಾಕಿ ಒರಳಲ್ಲಿ ಕುಟ್ಟುವುದು, ಉಂಡೆ ಕಟ್ಟುವುದು, ಮಣೆ ಇಟ್ಟು ಒತ್ತುವುದು, ಚಾಪೆಯ ಮೇಲೆ ಬಿಸಿಲಿಗೆ ಹರಡುವುದು. ಯಾರು ಕೆಲಸ ಮಾಡುತ್ತಾರೋ ಅವರನ್ನೇ ಹಿಂದಿನ ದಿನ ಕೇಳಿ ಬರೆದುಕೊಳ್ಳಿ. ನನ್ನ ಮೊದಲ ವರ್ಷದ ಪಟ್ಟಿಯೇ ಇರಲಿಲ್ಲ. ನಾನು ಎದ್ದು ಬರುವಷ್ಟರಲ್ಲಿ ಕಾಯಿ ಕೊಯ್ದು, ತೊಳೆ ಬಿಡಿಸಿ ಆಗಿತ್ತು. ಕತೆಗೆ ತಲೆಯೇ ಇಲ್ಲದಂತಾಯಿತು.

ಇದೇ ಹಂತದಲ್ಲಿ ಫೋನ್ ಅಡ್ಡವೋ ಉದ್ದವೋ ಅನ್ನುವುದನ್ನೂ ತೀರ್ಮಾನಿಸಿ. ಮನೆಯ ಟಿವಿಯಲ್ಲಿ ಎಲ್ಲರೂ ಕೂತು ನೋಡುವುದಾದರೆ ಅಡ್ಡ. ಫೋನಲ್ಲೇ ನೋಡುವುದಾದರೆ ಉದ್ದ. ಯೂಟ್ಯೂಬ್ ಶಾರ್ಟ್ಸ್‌ಗೂ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಅವಕಾಶವಿದೆ. ಅರ್ಧ ಅಡ್ಡ, ಅರ್ಧ ಉದ್ದ ಶೂಟ್ ಮಾಡಿದರೆ ಎಡಿಟ್‌ನಲ್ಲಿ ಪಕ್ಕಕ್ಕೆ ಕಪ್ಪು ಪಟ್ಟಿ ಬರುತ್ತದೆ, ಇಲ್ಲವೇ ತಲೆ ಕತ್ತರಿಸಿ ಹೋಗುತ್ತದೆ.

## ಹಂತ 3: ಫೋನ್ ತಯಾರಿ

ಇದನ್ನು ಹಿಂದಿನ ರಾತ್ರಿ ಮಾಡಿ, ಬೆಳಗ್ಗೆ ಸಮಯ ಇರಲ್ಲ.

ಜಾಗ ಖಾಲಿ ಮಾಡಿ. ವಿಡಿಯೋದ ಸ್ಪಷ್ಟತೆಯನ್ನು 1080ಪಿ, ವೇಗವನ್ನು ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಇಟ್ಟರೆ ಒಂದು ನಿಮಿಷಕ್ಕೆ ಫೋನನ್ನು ನೋಡಿಕೊಂಡು ಸುಮಾರು 60ರಿಂದ 130 ಎಂಬಿ ಬೇಕಾಗುತ್ತದೆ. ಅದಕ್ಕಿಂತ ಸ್ಪಷ್ಟವಾದ 4ಕೆ ಇಟ್ಟರೆ ಸುಮಾರು ಮೂರು ಪಟ್ಟು. ಮನೆಮಂದಿ ನೋಡುವ ವಿಡಿಯೋಗೆ 1080ಪಿ ಧಾರಾಳ ಸಾಕು. ಹಳೆ ಫೋನ್‌ಗಳು 4ಕೆಯಲ್ಲಿ ಬಿಸಿಯಾಗಿ ಅರ್ಧಕ್ಕೇ ನಿಲ್ಲುವುದೂ ಉಂಟು. ಐದು ಜಿಬಿ ಖಾಲಿ ಇದ್ದರೆ ಒಂದು ದಿನಕ್ಕೆ ತೊಂದರೆ ಇಲ್ಲ.

ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಶೂಟ್ ಮಾಡುವಾಗ ಏರ್‌ಪ್ಲೇನ್ ಮೋಡ್ ಹಾಕಿ, ಒಂದು ಕರೆ ಬಂದರೆ ರೆಕಾರ್ಡಿಂಗ್ ನಿಲ್ಲುವ ಫೋನ್‌ಗಳಿವೆ. ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಎಣ್ಣೆ ಕೈ ತಾಗಿದ ಲೆನ್ಸ್‌ನಲ್ಲಿ ದೀಪಗಳ ಸುತ್ತ ಮಂಜು ಕವಿದಂತೆ ಕಾಣುತ್ತದೆ. "ಕ್ಯಾಮೆರಾ ಹಾಳಾಗಿದೆ" ಅಂತ ಫೋನ್ ಬದಲಾಯಿಸಲು ಹೊರಟ ಒಬ್ಬರ ತೊಂದರೆ ಒಂದು ಬಟ್ಟೆಯಲ್ಲಿ ಸರಿಹೋಯಿತು.

## ಹಂತ 4: ಮೊದಲು ಧ್ವನಿ

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಅರ್ಧ ನಿಮಿಷವೂ ಕೂರಲ್ಲ. ನನ್ನ ಮೊದಲ ವರ್ಷದ ವಿಡಿಯೋ ಕೈಬಿಟ್ಟದ್ದಕ್ಕೆ ನಿಜವಾದ ಕಾರಣ ಇದೇ. ದೊಡ್ಡಮ್ಮ ಅಷ್ಟು ಚೆನ್ನಾಗಿ ಮಾತಾಡಿದ್ದರು. ಮನೆಗೆ ಬಂದು ಕೇಳಿದರೆ ತಲೆ ಮೇಲಿನ ಫ್ಯಾನಿನ ಗರಗರ ಬಿಟ್ಟು ಬೇರೆ ಏನೂ ಇಲ್ಲ. ಆ ಮಾತು ಮತ್ತೆ ಸಿಗಲಿಲ್ಲ, ಮರುವರ್ಷ ಅವರು ಬೇರೆಯೇ ಮಾತಾಡಿದರು.

ನಮ್ಮ ಕಿವಿ ಫ್ಯಾನಿನ ಸದ್ದನ್ನು ಪಕ್ಕಕ್ಕಿಟ್ಟು ಮಾತನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಮೈಕ್‌ಗೆ ಆ ಬುದ್ಧಿ ಇಲ್ಲ, ಎಲ್ಲವನ್ನೂ ಹಿಡಿಯುತ್ತದೆ. ಅದಕ್ಕೆ ಶೂಟ್ ಶುರು ಮಾಡುವ ಮುಂಚೆ ಕಣ್ಣು ಮುಚ್ಚಿ ಅರ್ಧ ನಿಮಿಷ ನಿಂತು ಕೇಳಿ. ಫ್ಯಾನ್, ಫ್ರಿಜ್, ಪಕ್ಕದ ಮನೆಯ ಮಿಕ್ಸಿ, ಟಿವಿ ಧಾರಾವಾಹಿ, ನೀರಿನ ಮೋಟಾರು. ನಿಲ್ಲಿಸಬಹುದಾದ್ದನ್ನು ನಿಲ್ಲಿಸಿ. ನಿಲ್ಲಿಸಲಾಗದಿದ್ದರೆ ನೀವು ಜಾಗ ಬದಲಾಯಿಸಿ.

ಇನ್ನು ದೂರದ ವಿಷಯ. ಬಯಲಲ್ಲಿ ಬಾಯಿಗೂ ಮೈಕ್‌ಗೂ ಇರುವ ದೂರ ಎರಡು ಪಟ್ಟಾದರೆ ತಲುಪುವ ಧ್ವನಿಯ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆರು ಅಡಿ ದೂರದ ಫೋನಿಗೆ ಮಾತಿಗಿಂತ ಸುತ್ತಲಿನ ಗಲಾಟೆಯೇ ಜಾಸ್ತಿ ಸಿಗುವುದು ಇದಕ್ಕೇ. ಪರಿಹಾರ ಸುಲಭ. ಎರಡನೇ ಫೋನ್‌ನಲ್ಲಿ ರೆಕಾರ್ಡರ್ ಆನ್ ಮಾಡಿ ಮಾತಾಡುವವರ ಹತ್ತಿರ, ಒಂದು ಅಡಿಯ ಒಳಗೆ ಇಡಿ. ಅಂಗಿ ಜೇಬಿನಲ್ಲಿ ಮೈಕ್ ಮೇಲೆ ಬರುವಂತೆ ಇಟ್ಟರೂ ಸರಿ, ಬಟ್ಟೆ ಉಜ್ಜುವ ಸದ್ದು ಬರುತ್ತದೆಯಾ ಅಂತ ಮಾತ್ರ ನೋಡಿ. ದೊಡ್ಡಮ್ಮನಿಗೆ ನಾನು ಮಣೆ ಪಕ್ಕದಲ್ಲಿ ಮಡಿಚಿದ ಟವೆಲ್ ಮೇಲೆ ಇಟ್ಟೆ. ಬರೀ ನೆಲದ ಮೇಲೆ ಇಡಬೇಡಿ, ಕುಟ್ಟುವ ಸದ್ದೆಲ್ಲ ನೆಲದಿಂದ ಫೋನಿಗೆ ಹತ್ತುತ್ತದೆ. ಎರಡೂ ರೆಕಾರ್ಡಿಂಗ್ ಶುರುವಾದ ಮೇಲೆ ಕ್ಯಾಮೆರಾ ಮುಂದೆ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಎಡಿಟ್‌ನಲ್ಲಿ ಆ ಚಪ್ಪಾಳೆಯ ಸದ್ದನ್ನು ಕೈಗಳು ಕೂಡುವ ಚಿತ್ರಕ್ಕೆ ಹೊಂದಿಸಿದರೆ ಮುಂದಿನ ಮಾತೆಲ್ಲ ತುಟಿಗೆ ಸರಿಯಾಗಿ ಕೂರುತ್ತದೆ.

ಹೊರಗಡೆ ಗಾಳಿ ದೊಡ್ಡ ಶತ್ರು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮೈಕ್‌ನ ಮೇಲೆ ಸ್ಪಂಜಿನ ಟೋಪಿ ಇಲ್ಲದಿದ್ದರೆ ಒಗೆದ ಉಣ್ಣೆ ಕಾಲುಚೀಲದ ತುಂಡು ಹಾಕಿದರೂ ಸಾಕಷ್ಟು ತಡೆಯುತ್ತದೆ.

ಮೊದಲ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ನಿಲ್ಲಿಸಿ, ಇಯರ್‌ಫೋನ್ ಹಾಕಿ ಕೇಳಿ. ದಯವಿಟ್ಟು ಇದನ್ನು ಬಿಡಬೇಡಿ. ಮಾತು ಒಡೆದ ಹಾಗೆ ಕೇಳಿದರೆ ಮೈಕ್ ತೀರಾ ಹತ್ತಿರ ಇದೆ. ಬಾವಿಯೊಳಗಿಂದ ಬಂದಂತಿದ್ದರೆ ದೂರ ಇದೆ, ಇಲ್ಲವೇ ಕೋಣೆ ಖಾಲಿ ಇದೆ. ಚಾಪೆ, ಕಂಬಳಿ, ಪರದೆ ಇರುವ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ.

## ಹಂತ 5: ಬೆಳಕು

ಕಿಟಕಿ ಅಥವಾ ಬಾಗಿಲು ಎಲ್ಲಿದೆ ನೋಡಿ. ಬೆಳಕು ಮಾತಾಡುವವರ ಮುಖದ ಮೇಲೆ, ಸ್ವಲ್ಪ ಪಕ್ಕದಿಂದ ಬೀಳಬೇಕು. ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದರೆ ಮುಖ ಕಪ್ಪಾಗುತ್ತದೆ. ಅಂಗಳದಲ್ಲಾದರೆ ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ಮೇಲೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಆಗ ಸೂರಿನ ಕೆಳಗೆ ಬನ್ನಿ.

ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬಲ್ಬ್ ಕೆಳಗೆ ಶೂಟ್ ಮಾಡಿದಾಗ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುವುದನ್ನು ನೋಡಿರುತ್ತೀರಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಒಂದೊಂದು ಸುತ್ತಿಗೂ ಎರಡು ಮಿನುಗು. ಹಾಗಾಗಿ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಫೋನ್‌ನಲ್ಲಿ ಪ್ರೊ ವಿಡಿಯೋ ಮೋಡ್ (ಸೆಟ್ಟಿಂಗ್ ಎಲ್ಲಾ ನಾವೇ ಬದಲಿಸುವ ಮೋಡ್) ಇದ್ದರೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ, ಪಟ್ಟಿ ಹೋಗುತ್ತದೆ. ಪ್ರೊ ಮೋಡ್ ಇಲ್ಲದಿದ್ದರೆ ಆ ದೀಪ ಆರಿಸಿ ಕಿಟಕಿ ತೆರೆಯಿರಿ.

ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ತುಂಬಾ ಫೋನ್‌ಗಳಲ್ಲಿ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ. ಲಾಕ್ ಮಾಡದಿದ್ದರೆ ಬಿಳಿ ಪಂಚೆ ಉಟ್ಟವರೊಬ್ಬರು ಹಿಂದೆ ಹಾದುಹೋದರೂ ಇಡೀ ಚಿತ್ರ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತದೆ.

## ಹಂತ 6: ಶೂಟ್ ಮಾಡುವುದು

ಒಂದೊಂದು ಕೆಲಸಕ್ಕೂ ಐದು ಶಾಟ್ ತಗೊಳ್ಳಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.

1. ಕೈ. ತೀರಾ ಹತ್ತಿರದಿಂದ. ತೊಳೆ ಬಿಡಿಸುವ ಬೆರಳು, ಅದಕ್ಕೆ ಅಂಟಿದ ಮೇಣ.
2. ಮುಖ. ಕೆಲಸ ಮಾಡುವಾಗ ಅವರು ಎಲ್ಲಿ ನೋಡುತ್ತಾರೆ, ಹೇಗೆ ತುಟಿ ಕಚ್ಚುತ್ತಾರೆ.
3. ಇಡೀ ಜಾಗ. ದೂರ ನಿಂತು. ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಾಗಬೇಕು.
4. ಹೆಗಲ ಹಿಂದಿನಿಂದ. ಅವರ ಕಣ್ಣಿಗೆ ಕಾಣುವಂತೆ.
5. ನಿಮಗೆ ಇಷ್ಟ ಬಂದ ಒಂದು. ಚಾಪೆ ಮಟ್ಟಕ್ಕೆ ಫೋನ್ ಇಟ್ಟು ಹಪ್ಪಳಗಳ ಸಾಲು, ಬೆಕ್ಕು ಬಂದು ಮೂಸುವುದು, ಏನಾದರೂ.

ಪ್ರತಿ ಶಾಟ್ ಹತ್ತು ಸೆಕೆಂಡ್. ಮನಸ್ಸಿನಲ್ಲಿ ಒಂದರಿಂದ ಹತ್ತು ಎಣಿಸಿ, ಆಮೇಲೆ ನಿಲ್ಲಿಸಿ. ಆ ಹತ್ತು ಸೆಕೆಂಡ್ ಫೋನ್ ಅಲುಗಬಾರದು. ಮೊಣಕೈಯನ್ನು ಪಕ್ಕೆಗೆ ಒತ್ತಿ, ಕಂಬಕ್ಕೋ ಗೋಡೆಗೋ ಒರಗಿ ನಿಲ್ಲಿ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಫೋನ್ ಬೀಸುವ ಅಭ್ಯಾಸ ಎಲ್ಲರಿಗೂ ಇದೆ, ತೋಟಕ್ಕೆ ನೀರು ಬಿಟ್ಟ ಹಾಗೆ. ಬೀಸಿದ ಕ್ಲಿಪ್‌ನಲ್ಲಿ ಕತ್ತರಿಸಲು ಜಾಗವೇ ಸಿಗಲ್ಲ. ಜೂಮ್ ಕೂಡ ಬೇಡ, ಎರಡು ಹೆಜ್ಜೆ ಮುಂದೆ ನಡೆಯಿರಿ.

ಲೆಕ್ಕ ಹಾಕಿ. ಏಳು ಕೆಲಸ, ಐದೈದು ಶಾಟ್, ಒಟ್ಟು 35. ಒಂದೊಂದರಲ್ಲಿ ಸರಾಸರಿ ನಾಲ್ಕು ಸೆಕೆಂಡ್ ಬಳಸಿದರೆ 140 ಸೆಕೆಂಡ್, ಅಂದರೆ ಎರಡು ನಿಮಿಷ 20 ಸೆಕೆಂಡ್. ಅದರ ಜೊತೆ ದೊಡ್ಡಮ್ಮ ಕೂತು ಮಾತಾಡುವ 40 ಸೆಕೆಂಡ್ ಸೇರಿಸಿದರೆ ಮೂರು ನಿಮಿಷ. ಇನ್ನೂ ಇನ್ನೂ ಶೂಟ್ ಮಾಡಬೇಕು ಅಂತ ಕೈ ತುರಿಸಿದಾಗ ಈ ಲೆಕ್ಕ ನೆನಪಿಸಿಕೊಳ್ಳಿ.

ಇನ್ನೊಂದು ಎಚ್ಚರ. ಎದುರುಬದುರು ಕೂತ ಇಬ್ಬರನ್ನು ಶೂಟ್ ಮಾಡುವಾಗ ನೀವು ಅವರ ಒಂದೇ ಪಕ್ಕದಲ್ಲಿ ಇರಿ. ಒಂದು ಶಾಟ್ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ತೆಗೆದರೆ ಎಡಿಟ್ ಮಾಡಿದಾಗ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ.

ಮಾತಾಡಿಸುವುದು ಕೆಲಸದ ನಡುವೆಯೇ ಇರಲಿ. ಫೋನ್ ಮುಂದೆ ಕೂರಿಸಿ "ಹೇಳಿ" ಅಂದರೆ ಎಂಥವರೂ ಸೆಟೆದು ಕೂರುತ್ತಾರೆ. ಕೈ ಕೆಲಸದಲ್ಲಿದ್ದಾಗ ಬಾಯಿ ಸಲೀಸಾಗಿ ಬಿಚ್ಚುತ್ತದೆ. ಒಂದೆರಡು ಪದದಲ್ಲಿ ಉತ್ತರ ಮುಗಿಯುವ ಪ್ರಶ್ನೆ ಕೇಳಬೇಡಿ. "ಉಪ್ಪು ಎಷ್ಟು ಹಾಕ್ತೀರಿ?" ಅಂದರೆ "ಒಂದು ಮುಷ್ಟಿ" ಅಂತ ಮುಗಿಯುತ್ತದೆ. "ಉಪ್ಪು ಜಾಸ್ತಿ ಆದಾಗ ಏನು ಮಾಡಿದಿರಿ?" ಅಂತ ಕೇಳಿ ನೋಡಿ, ಕತೆಯೇ ಬರುತ್ತದೆ. ಕೇಳಿ ಸುಮ್ನೆ ಇರಿ. ಅವರು ನಿಲ್ಲಿಸಿದ ಮೇಲೂ ಮೂರು ಸೆಕೆಂಡ್ ಕಾಯಿರಿ. ಒಳ್ಳೆ ಮಾತು ಎಷ್ಟೋ ಸಲ ಆ ಮೂರು ಸೆಕೆಂಡ್ ಆದ ಮೇಲೇ ಬರುತ್ತದೆ.

ಮತ್ತೆ, ನಡುವೆ ಒಮ್ಮೆ ಫೋನ್ ಇಟ್ಟುಬಿಡಿ. ದೊಡ್ಡಮ್ಮ "ಆ ಫೋನ್ ಇಟ್ಟು ಬಾ, ನಾಲ್ಕು ಉಂಡೆ ಕಟ್ಟು" ಅಂದಾಗ ನಾನು ಹೋಗಿ ಕೂತೆ. ಆಮೇಲಿನ ಶಾಟ್‌ಗಳಲ್ಲಿ ಅವರು ಕ್ಯಾಮೆರಾ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಮನೆ ಬಿಟ್ಟು ಹೊರಗೆ ಶೂಟ್ ಮಾಡುವವರು ಮೊದಲೇ ಕೇಳಿಕೊಳ್ಳಿ. ಬಹಳಷ್ಟು ದೇವಸ್ಥಾನಗಳ ಗರ್ಭಗುಡಿಯಲ್ಲಿ ಕ್ಯಾಮೆರಾ ನಿಷಿದ್ಧ. ಹಂಪಿ, ಬಾದಾಮಿಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಬೇಕಾದರೆ ಮುಂಚಿತವಾಗಿ ಅನುಮತಿ ಬೇಕು. ಸಂತೆಯಲ್ಲಿ ತರಕಾರಿ ಮಾರುವವರ ಮುಖಕ್ಕೆ ಫೋನ್ ಹಿಡಿಯುವ ಮುಂಚೆ ಒಂದು ಮಾತು ಕೇಳಿ. ಬೇಡ ಅಂದರೆ ಬೇಡ.

## ಹಂತ 7: ಅದೇ ರಾತ್ರಿ ಅಳಿಸಿ

ಶುರುವಿನಲ್ಲಿ ಹೇಳಿದ, ರಾಶಿ ಶೂಟ್ ಮಾಡಿ ಬಿಟ್ಟ ಮೂರನೆಯವರು ಸೋಲುವುದು ಇಲ್ಲಿ. ಶೂಟ್ ಮಾಡಿದ ರಾತ್ರಿಯೇ ಎಲ್ಲಾ ಕ್ಲಿಪ್‌ಗಳ ಒಂದು ನಕಲನ್ನು ಲ್ಯಾಪ್‌ಟಾಪಿಗೋ ಪೆನ್‌ಡ್ರೈವ್‌ಗೋ ಹಾಕಿ. ಆಮೇಲೆ ಫೋನ್‌ನಲ್ಲಿ ಒಂದೊಂದನ್ನೇ ನೋಡಿ. ಅಲುಗಿದ್ದು, ಬೆರಳು ಅಡ್ಡ ಬಂದದ್ದು, ಒಂದೇ ಥರದ್ದು ಎರಡಿದ್ದರೆ ಒಂದು, ಇವನ್ನೆಲ್ಲ ಫೋನಿಂದ ಅಳಿಸಿ. ಉಳಿದವಕ್ಕೆ ಒಂದು ಆಲ್ಬಂ ಮಾಡಿ ಹೆಸರು ಕೊಡಿ. ಯಾವ ಮಾತು ಚೆನ್ನಾಗಿತ್ತು ಅಂತ ಈ ರಾತ್ರಿ ನೆನಪಿರುತ್ತದೆ, ಹಾಳೆಯಲ್ಲಿ ಬರೆದಿಡಿ. ಒಂದು ವಾರ ಬಿಟ್ಟರೆ ನೆನಪಿರಲ್ಲ. ಒಂದು ತಿಂಗಳು ಬಿಟ್ಟರೆ ಕೂರಲು ಮನಸ್ಸೇ ಬರಲ್ಲ.

## ಹಂತ 8: ಎಡಿಟ್

ಫೋನ್‌ನಲ್ಲಿ ವಿಎನ್, ಇನ್‌ಶಾಟ್, ಕೈನ್‌ಮಾಸ್ಟರ್, ಯೂಟ್ಯೂಬ್ ಕ್ರಿಯೇಟ್ ಇವೆ. ಕಂಪ್ಯೂಟರ್ ಇದ್ದವರಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಬೇಕಾದಷ್ಟಾಯಿತು, ಕಲಿಯಲು ಮಾತ್ರ ಸಮಯ ಬೇಕು. ಕೆಲವು ಆ್ಯಪ್‌ಗಳು ಉಚಿತವಾಗಿ ಬಳಸಿದರೆ ಮೂಲೆಯಲ್ಲಿ ತಮ್ಮ ಹೆಸರು ಒತ್ತುತ್ತವೆ. ಹಾಗಾಗಿ ಹತ್ತು ಸೆಕೆಂಡಿನ ಒಂದು ತುಂಡನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ (ಅಂದರೆ ವಿಡಿಯೋ ಫೈಲಾಗಿ ಉಳಿಸಿ) ನೋಡಿ. ಒಂದು ಆ್ಯಪ್ ಆರಿಸಿಕೊಳ್ಳಿ, ಮೂರು ವಿಡಿಯೋವರೆಗೆ ಬದಲಾಯಿಸಬೇಡಿ.

ಎಡಿಟ್‌ಗೂ ಒಂದು ಕ್ರಮ ಇದೆ.

ಮೊದಲು ಮಾತನ್ನು ಮಾತ್ರ ಹಾಕಿ. ಚಿತ್ರದ ಬಗ್ಗೆ ಯೋಚಿಸಬೇಡಿ. ಒಳ್ಳೆ ಮಾತುಗಳನ್ನು ಕತ್ತರಿಸಿ ಸಾಲಾಗಿ ಜೋಡಿಸಿ, ಕಣ್ಣು ಮುಚ್ಚಿ ಕೇಳಿ. ರೇಡಿಯೋದಲ್ಲಿ ಬಂದ ಹಾಗೆ ಅರ್ಥವಾಗಬೇಕು. ಅರ್ಥವಾದರೆ ನಿಮ್ಮ ವಿಡಿಯೋದ ಬೆನ್ನೆಲುಬು ಸಿದ್ಧ.

ಆಮೇಲೆ ಆ ಮಾತಿನ ಮೇಲೆ ಶಾಟ್‌ಗಳನ್ನು ಹೊದಿಸಿ. ದೊಡ್ಡಮ್ಮ "ಬಿಸಿ ಇರುವಾಗಲೇ ಕುಟ್ಟಬೇಕು" ಅನ್ನುವಾಗ ಒರಳು ಕಾಣಲಿ, ಮುಖವೇ ಇರಬೇಕಿಲ್ಲ. ಮಾತೇ ಇಲ್ಲದ ಜಾಗಗಳೂ ನಡುವೆ ಇರಲಿ. ಕುಟ್ಟುವ ಸದ್ದು, ಹಬೆಯ ಸುಯ್ಯನೆ, ಮಣೆ ಒತ್ತಿದಾಗಿನ ಸದ್ದು, ಇವು ಯಾವ ಸಂಗೀತಕ್ಕೂ ಕಡಿಮೆ ಇಲ್ಲ.

ಕತ್ತರಿ ಹಾಕುವ ಜಾಗ ಚಲನೆಯ ನಡುವೆ ಇರಲಿ. ಒನಕೆ ಮೇಲೆತ್ತುವುದು ದೂರದ ಶಾಟ್‌ನಲ್ಲಿ, ಕೆಳಗೆ ಬೀಳುವುದು ಹತ್ತಿರದ ಶಾಟ್‌ನಲ್ಲಿ. ಹೀಗೆ ಸೇರಿಸಿದರೆ ನೋಡುವವರಿಗೆ ಕತ್ತರಿಸಿದ್ದೇ ಗೊತ್ತಾಗಲ್ಲ. ಪುಟ ತಿರುಗುವ, ಹೃದಯದ ಆಕಾರದಲ್ಲಿ ತೆರೆಯುವ ಟ್ರಾನ್ಸಿಷನ್‌ಗಳು ಆ್ಯಪ್‌ನಲ್ಲಿ ನೂರಾರು ಇವೆ. ಒಂದನ್ನೂ ಮುಟ್ಟಬೇಡಿ. ಶುರುವಿನಲ್ಲಿ ಕತ್ತಲಿಂದ ಬೆಳಕು, ಕೊನೆಯಲ್ಲಿ ಬೆಳಕಿಂದ ಕತ್ತಲು, ಇಷ್ಟೇ ಸಾಕು.

ಕೊನೆಗೆ ಕಡಿಮೆ ಮಾಡುವುದು. ಮೊದಲ ಜೋಡಣೆ ಐದಾರು ನಿಮಿಷ ಆಗಿರುತ್ತದೆ. ಒಮ್ಮೆ ಸದ್ದು ಆರಿಸಿ ನೋಡಿ, ಕಣ್ಣು ಎಲ್ಲಿ ಬೇಸರಪಡುತ್ತದೋ ಅಲ್ಲಿ ಕತ್ತರಿಸಿ. ನೀವು ಕಷ್ಟಪಟ್ಟು ತೆಗೆದ ಶಾಟ್ ಅನ್ನುವುದು ಅದನ್ನು ಉಳಿಸಿಕೊಳ್ಳಲು ಕಾರಣವಲ್ಲ. ಮರ ಹತ್ತಿ ತೆಗೆದ ಒಂದು ಶಾಟ್ ನನಗೆ ಬಹಳ ಇಷ್ಟವಿತ್ತು. ಅದು ಬಂದಾಗ ದೊಡ್ಡಮ್ಮನ ಮಾತಿನ ಓಟ ನಿಲ್ಲುತ್ತಿತ್ತು. ತೆಗೆದೆ.

## ಹಂತ 9: ಕನ್ನಡ ಅಕ್ಷರ ಒಡೆಯದಂತೆ

ಇದು ಇಂಗ್ಲಿಷಿನವರಿಗೆ ಇಲ್ಲದ, ನಮ್ಮಂಥ ಲಿಪಿಯವರಿಗೆ ಬರುವ ತಲೆನೋವು. ಎಡಿಟಿಂಗ್ ಆ್ಯಪ್‌ನಲ್ಲಿ "ದೊಡ್ಡಮ್ಮ" ಅಂತ ಟೈಪ್ ಮಾಡಿದರೆ ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ, ಅಥವಾ ಚೌಕಗಳು ಕಾಣುತ್ತವೆ. ಆ್ಯಪ್‌ನ ಚಂದದ ಫಾಂಟ್‌ಗಳು ಇಂಗ್ಲಿಷಿಗೆ ಮಾಡಿದವು, ಅವುಗಳಲ್ಲಿ ಕನ್ನಡ ಇರಲ್ಲ.

ಗೂಗಲ್ ಫಾಂಟ್ಸ್‌ನಿಂದ ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ 2, ಹುಬ್ಬಳ್ಳಿ, ಬೆಣ್ಣೆ ಇಂಥ ಫಾಂಟ್‌ಗಳನ್ನು ಉಚಿತವಾಗಿ ಇಳಿಸಿಕೊಂಡು ಆ್ಯಪ್‌ಗೆ ಸೇರಿಸಿ. ಹಳೆ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟದ್ದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ (ಈಗಿನ ಫೋನ್‌ಗಳು ಓದುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸಬೇಕು. ಫಾಂಟ್ ಸೇರಿಸಿದ ಮೇಲೂ ಒತ್ತಕ್ಷರ ಒಡೆಯುತ್ತಿದ್ದರೆ ತೊಂದರೆ ಆ್ಯಪ್‌ನದ್ದು. ಆಗ ಅಕ್ಷರಗಳನ್ನು ಬೇರೆ ಕಡೆ ಬರೆದು ಚಿತ್ರವಾಗಿ ಉಳಿಸಿ ತಂದು ಕೂರಿಸಿ. ಅದಕ್ಕಿಂತ ಚೆನ್ನಾದ ದಾರಿ ಇನ್ನೊಂದಿದೆ. ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಕೈಯಾರೆ ಬರೆದು ಅದನ್ನೇ ಶೂಟ್ ಮಾಡಿ. ನನ್ನ ವಿಡಿಯೋದ ಶೀರ್ಷಿಕೆಯನ್ನು ದೊಡ್ಡಮ್ಮನೇ ಬರೆದರು.

ಅಕ್ಷರ ದೊಡ್ಡದಿರಲಿ. ಒಂದು ಸಾಲನ್ನು ನೀವು ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ತೆರೆಯ ಮೇಲೆ ಇಡಿ.

## ಹಂತ 10: ಸಂಗೀತ

ಬೇಕೇ ಬೇಕು ಅಂತಿಲ್ಲ. ಹಾಕುವುದಾದರೆ ಮಾತಿರುವ ಕಡೆ ಅದು ಇದೆ ಅಂತ ಗೊತ್ತೇ ಆಗದಷ್ಟು ಸಣ್ಣಗೆ ಇರಲಿ.

ಸಿನಿಮಾ ಹಾಡು, ಭಾವಗೀತೆ, ಯಕ್ಷಗಾನದ ರೆಕಾರ್ಡಿಂಗ್ ಎತ್ತಿ ಹಾಕಬೇಡಿ. "ಹತ್ತು ಸೆಕೆಂಡ್ ಬಳಸಿದರೆ ಪರವಾಗಿಲ್ಲ" ಅನ್ನುವ ಮಾತು ಎಲ್ಲಾ ಕಡೆ ಓಡಾಡುತ್ತದೆ. ಅಂಥ ನಿಯಮ ಇಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ತಾನಾಗೇ ಗುರುತಿಸುತ್ತದೆ. ವಿಡಿಯೋ ತಡೆಹಿಡಿಯಬಹುದು, ಇಲ್ಲವೇ ಅದರ ಜಾಹೀರಾತಿನ ಹಣ ಹಾಡಿನ ಹಕ್ಕುದಾರರಿಗೆ ಹೋಗಬಹುದು. ಯೂಟ್ಯೂಬ್ ಆಡಿಯೋ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ, ಕೆಲವಕ್ಕೆ ಮಾತ್ರ ಸಂಗೀತಗಾರರ ಹೆಸರು ಹಾಕಬೇಕು. ಮನೆಯಲ್ಲಿ ಯಾರಿಗಾದರೂ ಹಾರ್ಮೋನಿಯಂ, ಕೊಳಲು ಬಂದರೆ ಇನ್ನೂ ಒಳ್ಳೆಯದು.

## ಹಂತ 11: ಕಳಿಸುವುದು

1080ಪಿಯಲ್ಲೇ ಎಕ್ಸ್‌ಪೋರ್ಟ್ ಮಾಡಿ, ಶೂಟ್ ಮಾಡಿದ ಫ್ರೇಮ್ ಸಂಖ್ಯೆಯೇ ಇರಲಿ.

ಯಾರಿಗೂ ಕಳಿಸುವ ಮುಂಚೆ ವಿಡಿಯೋದಲ್ಲಿ ಇರುವವರಿಗೆ ತೋರಿಸಿ. ಅವರು ತೆಗೆ ಅಂದದ್ದನ್ನು ಚರ್ಚೆ ಮಾಡದೆ ತೆಗೆಯಿರಿ. ದೊಡ್ಡಮ್ಮ ಪಕ್ಕದ ಮನೆಯವರ ಬಗ್ಗೆ ಹೇಳಿದ ಒಂದು ಮಾತು ಬಹಳ ಚೆನ್ನಾಗಿತ್ತು. ಬೇಡ ಅಂದರು, ತೆಗೆದೆ. ಮಕ್ಕಳಿದ್ದರೆ ಶಾಲೆಯ ಹೆಸರು, ಸಮವಸ್ತ್ರ, ಮನೆ ನಂಬರು, ಗಾಡಿ ನಂಬರು ಕಾಣುತ್ತದೆಯಾ ನೋಡಿ.

ವಾಟ್ಸಾಪ್‌ನಲ್ಲಿ ಸಾಮಾನ್ಯ ವಿಡಿಯೋ ಥರ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ, 2 ಜಿಬಿವರೆಗೆ ಕಳಿಸಬಹುದು.

ಯೂಟ್ಯೂಬ್‌ಗೆ ಹಾಕುವುದಾದರೆ ಅನ್‌ಲಿಸ್ಟೆಡ್ ಆರಿಸಿ. ಲಿಂಕ್ ಇದ್ದವರು ನೋಡಬಹುದು, ಹುಡುಕಿದರೆ ಸಿಗಲ್ಲ. ಲಿಂಕ್ ಇನ್ನೊಬ್ಬರ ಕೈಗೆ ಹೋದರೆ ಅವರೂ ನೋಡಬಹುದು ಅನ್ನುವುದು ನೆನಪಿರಲಿ. "ಮಕ್ಕಳಿಗಾಗಿ ಮಾಡಿದ್ದೇ?" ಅಂತ ಅಪ್‌ಲೋಡ್ ಮಾಡುವಾಗ ಕೇಳುತ್ತದೆ. ವಿಡಿಯೋದಲ್ಲಿ ಮಗು ಇದೆ ಅಂತ ತುಂಬಾ ಜನ ಹೌದು ಒತ್ತುತ್ತಾರೆ. ಪ್ರಶ್ನೆ ಇರುವುದು ನೋಡುವವರ ಬಗ್ಗೆ. ಹೌದು ಒತ್ತಿದರೆ ಕಾಮೆಂಟ್‌ಗಳು ಮುಚ್ಚಿಹೋಗುತ್ತವೆ, ಆಮೇಲೆ "ನೋಡಿದೆ, ಚೆನ್ನಾಗಿದೆ" ಅಂತ ಅಕ್ಕ ಅಲ್ಲಿ ಬರೆಯಲೂ ಆಗಲ್ಲ.

## ದಾರಿ ತಪ್ಪುತ್ತಿರುವ ಲಕ್ಷಣಗಳು

ಶೂಟ್ ಮಾಡಿ ಎರಡು ವಾರವಾದರೂ ಎಡಿಟ್ ಆ್ಯಪ್ ತೆರೆದಿಲ್ಲ ಅಂದರೆ ನಿಮ್ಮ ವಿಷಯ ದೊಡ್ಡದಾಯಿತು. ಒಂದೇ ಕೆಲಸ ಇಟ್ಟುಕೊಂಡು ಒಂದು ನಿಮಿಷದ್ದು ಮಾಡಿ. ಹಪ್ಪಳ ಒತ್ತುವುದು ಮಾತ್ರ.

ಹೊಸ ಮೈಕ್, ಹೊಸ ಲೈಟಿನ ವಿಮರ್ಶೆಗಳನ್ನು ನೋಡುವ ಸಮಯ ಶೂಟ್ ಮಾಡುವ ಸಮಯಕ್ಕಿಂತ ಜಾಸ್ತಿಯಾದರೆ ಹಂತ 1ಕ್ಕೆ ವಾಪಸ್ ಹೋಗಿ, ಹೆಸರುಗಳನ್ನು ಓದಿ.

ಮನೆಯವರು ನೀವು ಫೋನ್ ತೆಗೆದ ತಕ್ಷಣ ಎದ್ದು ಹೋಗುತ್ತಿದ್ದರೆ ಇದು ಗಂಭೀರ ಲಕ್ಷಣ. ಒಂದು ತಿಂಗಳು ಯಾರನ್ನೂ ಶೂಟ್ ಮಾಡಬೇಡಿ. ಮುಂದಿನ ವಿಡಿಯೋ ವಸ್ತುಗಳದ್ದಾಗಲಿ, ಗಿಡದ್ದಾಗಲಿ.

ನಡೆದುಹೋದದ್ದನ್ನು "ಇನ್ನೊಮ್ಮೆ ಮಾಡಿ" ಅಂತ ಒಂದಕ್ಕಿಂತ ಹೆಚ್ಚು ಸಲ ಕೇಳಿದಿರಾ? ಅಲ್ಲಿಗೆ ಅವರಿಗೆ ಅದು ಕೆಲಸವಾಯಿತು. ತಪ್ಪಿಹೋದ ಶಾಟ್ ತಪ್ಪಿಹೋಯಿತು, ಬಿಡಿ.

ಅಪ್‌ಲೋಡ್ ಮಾಡಿದ ಮೇಲೆ ಗಂಟೆಗೊಂದು ಸಲ ವ್ಯೂ ಎಷ್ಟಾಯಿತು ಅಂತ ತೆರೆದು ನೋಡುತ್ತಿದ್ದರೆ ಮುಂದಿನ ವಿಡಿಯೋವನ್ನು ಎಲ್ಲಿಯೂ ಹಾಕಬೇಡಿ. ಪೆನ್‌ಡ್ರೈವ್‌ನಲ್ಲಿ ಟಿವಿಗೆ ಚುಚ್ಚಿ ನಾಲ್ಕು ಜನ ಕೂತು ನೋಡಿ.

## ಹಂತ 12: ಜೊತೆಗೆ ಕೂತು ನೋಡಿ

ತೋರಿಸುವಾಗ ನೀವು ಟಿವಿ ನೋಡಬೇಡಿ, ನೋಡುವವರನ್ನು ನೋಡಿ. ಎಲ್ಲಿ ನಕ್ಕರು, ಎಲ್ಲಿ ತಮ್ಮ ಫೋನ್ ತೆಗೆದರು, ಎಲ್ಲಿ "ಏನಂದರು?" ಅಂತ ಪಕ್ಕದವರನ್ನು ಕೇಳಿದರು. ಆ ಹೊತ್ತನ್ನು ನಿಮಿಷ ಸೆಕೆಂಡ್ ಸಮೇತ ಅದೇ ಹಾಳೆಯ ಹಿಂದೆ ಬರೆದುಕೊಳ್ಳಿ. ನನ್ನ ಹಾಳೆಯಲ್ಲಿ 1:10ರ ಹತ್ತಿರ "ಬೇಯಿಸುವುದು ಉದ್ದವಾಯಿತು" ಅಂತ ಇದೆ. 2:25ರಲ್ಲಿ ಅಮ್ಮ ನಿಲ್ಲಿಸಿ ಹಿಂದಕ್ಕೆ ಹಾಕಲು ಹೇಳಿದರು, ಅಲ್ಲಿ ದೊಡ್ಡಮ್ಮನ ಕೈ ಮಾತ್ರ ಇತ್ತು. ಈ ವರ್ಷ ಮಾವಿನ ಮಿಡಿ ಉಪ್ಪಿನಕಾಯಿ ಶೂಟ್ ಮಾಡುವಾಗ ಕೈಯ ಶಾಟ್‌ಗಳನ್ನು ಹತ್ತು ಸೆಕೆಂಡಿನ ಬದಲು ಇಪ್ಪತ್ತು ಸೆಕೆಂಡ್ ತೆಗೆದೆ.